ಪ್ರತಿಕ್ರಿಯೆ: ತೂಕದ ಕಾರಣಕ್ಕೆ ಬೇರೆ ಆಸ್ಪತ್ರೆಗೆ ಕಳಿಸಿದ್ದು ಸರಿಯೇ?

ಕರುಳು ತೂತಾಗಿದ್ದ, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) 44 ಇರುವ ನಿಮ್ಮ ಅಣ್ಣನವರನ್ನು ಮೊದಲ ಆಸ್ಪತ್ರೆಯವರು ಶಸ್ತ್ರಚಿಕಿತ್ಸೆ ಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಿದ್ದು ಸರಿಯೇ ಎಂದು ಕೇಳಿದ್ದೀರಿ. ತೂಕವೊಂದನ್ನೇ ಮುಂದೆ ಮಾಡಿದ್ದರೆ ಅದು ದುರ್ಬಲ ಕಾರಣ. ಆದರೆ ಅದರ ಹಿಂದಿರುವ ಕೆಲವು ಅಡಚಣೆಗಳು ನಿಜವಾದವು.

ಮುಖ್ಯವಾದದ್ದು ಅರಿವಳಿಕೆ. ಸ್ಥೂಲಕಾಯದವರು ಅಂಗಾತ ಮಲಗಿದಾಗ ಹೊಟ್ಟೆಯ ಭಾರವು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಎದೆಯ ಕಡೆಗೆ ತಳ್ಳುವುದರಿಂದ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆಯಾಗುತ್ತದೆ. ಹೀಗಾಗಿ ಔಷಧ ಕೊಟ್ಟು ಉಸಿರು ನಿಂತ ಕ್ಷಣದಿಂದ ಗಂಟಲಿಗೆ ಕೊಳವೆ ಇಳಿಸುವವರೆಗಿನ ಅಲ್ಪ ಅವಧಿಯಲ್ಲಿಯೇ ರಕ್ತದ ಆಮ್ಲಜನಕ ಇತರರಿಗಿಂತ ಬಹು ಬೇಗ ಕುಸಿಯುತ್ತದೆ. ಕಿವಿಯ ರಂಧ್ರವು ಎದೆಮೂಳೆಯ ಮೇಲ್ತುದಿಯ ಮಟ್ಟಕ್ಕೆ ಬರುವಂತೆ ತಲೆ, ಭುಜಗಳನ್ನು ಎತ್ತರಿಸಿ ಮಲಗಿಸುವುದು ಇದಕ್ಕಾಗಿಯೇ. ಇಂಥ ರೋಗಿಗೆ ಅನುಭವಿ ಅರಿವಳಿಕೆ ತಜ್ಞರೂ ಆನಂತರ ವೆಂಟಿಲೇಟರ್ ಇರುವ ತೀವ್ರ ನಿಗಾ ಘಟಕವೂ ಇಲ್ಲದ ಕಡೆ ಹೊಟ್ಟೆ ತೆರೆಯುವುದಕ್ಕಿಂತ ಕಳಿಸುವುದೇ ಲೇಸು. ಸಿಟಿ ಯಂತ್ರಕ್ಕೂ ಶಸ್ತ್ರಚಿಕಿತ್ಸೆಯ ಮೇಜಿಗೂ ತೂಕದ ಮಿತಿಯಿರುವುದು ಸಹ ನಿಜವೇ, ಆದರೆ ಅದು ಅಡ್ಡಿಯಾಗುವುದು ವಿರಳ.

ವಿಳಂಬದ ಬಗ್ಗೆ ನಿಮ್ಮ ಆತಂಕ ಸಹಜ. ದಪ್ಪ ಹೊಟ್ಟೆಯಲ್ಲಿ ಸೋಂಕಿನಿಂದಾದ ಬಿಗಿತ ಪರೀಕ್ಷಿಸುವ ಕೈಗೆ ಸರಿಯಾಗಿ ಸಿಗದು. ಆದ್ದರಿಂದ ರೋಗನಿರ್ಣಯವೇ ತಡವಾಗಿ, ಅದರ ಮೇಲೆ ಪ್ರಯಾಣದ ಸಮಯವೂ ಸೇರಿ ನಂಜು ಏರಿರಬಹುದು. ನನ್ನ ಅಭಿಪ್ರಾಯದಲ್ಲಿ ಕಳಿಸಿದ್ದಕ್ಕಿಂತ ಹೇಗೆ ಕಳಿಸಿದರೆಂಬುದು ಮುಖ್ಯ. ಹೊರಡುವ ಮುನ್ನವೇ ಆಂಟಿಬಯಾಟಿಕ್ ಮತ್ತು ಡ್ರಿಪ್ ಆರಂಭವಾಗಿತ್ತೇ, ಆ ಕಡೆಯ ಶಸ್ತ್ರಚಿಕಿತ್ಸಕರೊಂದಿಗೆ ಮಾತಾಗಿತ್ತೇ ಎಂಬುದನ್ನು ವರ್ಗಾವಣೆ ಪತ್ರದಲ್ಲಿರುವ ಸಮಯಗಳೊಂದಿಗೆ ತಾಳೆ ನೋಡಿ.