ಅಜ್ಜನ ಬೇಟೆಯ ಕೊಂಬು ಯಾರದು?

ಪ್ರಶ್ನೆ: ಅಜ್ಜ ಬೇಟೆಯಾಡಿದ ಚಿಗರಿಯ ಕೊಂಬು ನಮ್ಮ ಪಡಸಾಲೆಯ ಗೋಡೆ ಮೇಲಿದೆ. ಕಳೆದ ತಿಂಗಳು ಅಪ್ಪ ತೀರಿಕೊಂಡರು. ಕೊಂಬು ಈಗ ನಮ್ಮದೇ? ಕೊಲ್ಲಾಪುರದ ತಮ್ಮನಿಗೆ ಕೊಡಬಹುದೇ? (ಓದುಗರು, ಖಾನಾಪುರ)

ಉತ್ತರ: ಅಜ್ಜ ಹೊಡೆದದ್ದು ಎಂಬ ಮಾತ್ರಕ್ಕೆ ಅದು ನಿಮ್ಮದಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಒಡೆತನದ ಪ್ರಮಾಣಪತ್ರ ಬೇಕು. ಮೊದಲು ಅಪ್ಪನ ಕಾಗದಪತ್ರಗಳಲ್ಲಿ ಅದನ್ನೇ ಹುಡುಕಿ. ಸಿಕ್ಕರೆ, ವಾರಸಾಗಿ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಬಹಳ ಮನೆಗಳು ಎಡವುವುದು ಇಲ್ಲೇ: ಹೊಲದ ವಾರಸಾ ನೋಂದಣಿಗೆ ಓಡಾಡುತ್ತಾರೆ, ಕೊಂಬಿನ ಗಡುವು ಮೀರಿರುತ್ತದೆ.

ಪತ್ರದಲ್ಲಿರುವ ಪ್ರಾಣಿಯ ಹೆಸರನ್ನು ಕೊಂಬಿನೊಂದಿಗೆ ತಾಳೆ ನೋಡಿ. ನಮ್ಮ ಕಡೆ ಎಲ್ಲಕ್ಕೂ ‘ಚಿಗರಿ’ ಅನ್ನುತ್ತೇವಲ್ಲ! ಸುರುಳಿಯಾಗಿ ಉಂಗುರ ಉಂಗುರ ಇದ್ದು ಕವಲಿಲ್ಲದಿದ್ದರೆ ಕೃಷ್ಣಮೃಗ. ಗಟ್ಟಿ ಎಲುಬಿನಂತಿದ್ದು ಪ್ರತಿ ಕೊಂಬಿಗೆ ಮೂರು ತುದಿ ಇದ್ದರೆ ಚುಕ್ಕಿಜಿಂಕೆ ಅಥವಾ ಕಡವೆ. ಕಡವೆಯದು ದಪ್ಪ, ಒರಟು.

ಕಾಡಿನಲ್ಲಿ ಉದುರಿ ಬಿದ್ದ ಕೊಂಬನ್ನೂ ತಂದಿಟ್ಟುಕೊಳ್ಳುವಂತಿಲ್ಲ.

ಮಾರಾಟ ನಿಷಿದ್ಧ. ಪತ್ರವಿದ್ದು ತಮ್ಮನ ಮನೆಗೆ, ಅಂದರೆ ಬೇರೆ ರಾಜ್ಯಕ್ಕೆ, ಸಾಗಿಸಿದರೆ 30 ದಿನದೊಳಗೆ ವರದಿ ಮಾಡಬೇಕು. ಪತ್ರವೇ ಇಲ್ಲದಿದ್ದರೆ ಕೊಂಬನ್ನು ಎಲ್ಲಿಗೂ ಒಯ್ಯಬೇಡಿ, ಸುಡಬೇಡಿ. ವಕೀಲರನ್ನು ಕಂಡು ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ.

ತೊಗಲು ಸಮೇತ ತಲೆ ಇದ್ದರೆ ಬರಿಗೈಯಲ್ಲಿ ಒರೆಸಬೇಡಿ. ಹುಳ ಬೀಳದಂತೆ ಹಿಂದೆ ಪಾಷಾಣ (ಆರ್ಸೆನಿಕ್ ವಿಷ) ಬಳಿಯುತ್ತಿದ್ದರು.