ಹೊಸ್ತಿಲು ಎತ್ತರಿಸಿದರೆ ಸಾಲದು

ನದಿಯಿಂದ ಕಾಲುವೆಗೆ ನೀರು ಹೊಗುವ ಇಂಟೇಕ್ ಬಾಯಿಯ ಹೊಸ್ತಿಲನ್ನು ಇನ್ನೂ ಅರ್ಧ ಮೀಟರ್ ಎತ್ತರಿಸಿದರೆ ಕಾಲುವೆಗೆ ಮರಳು ನುಗ್ಗುವುದು ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಕೆಲವು ಕಾಲ ನಿಲ್ಲುತ್ತದೆ; ಹೊಸ್ತಿಲಿನ ಮುಂದೆ ಮರಳು ಅಷ್ಟೇ ಎತ್ತರಕ್ಕೆ ತುಂಬಿದ ಮೇಲೆ ಮತ್ತೆ ಹಳೆಯ ಕಥೆಯೇ. ನೀವೇ ಬರೆದಿರುವಂತೆ ಬಾಯಿ ಇರುವುದು ನದಿಯ ತಿರುವಿನ ಒಳದಡದಲ್ಲಿ. ತೊಂದರೆಯ ಮೂಲ ಅಲ್ಲಿದೆ. ತಿರುವಿನಲ್ಲಿ ಮೇಲ್ಪದರದ ನೀರು ಹೊರದಡಕ್ಕೆ ಸರಿಯುತ್ತದೆ, ತಳದ ನೀರು ಮರಳನ್ನು ಹೊತ್ತುಕೊಂಡು ಒಳದಡಕ್ಕೆ ಬರುತ್ತದೆ. ಸಾಧ್ಯವಿದ್ದರೆ ಬಾಯಿಯನ್ನು ಹೊರದಡಕ್ಕೆ, ತಿರುವಿನ ನಡುಭಾಗಕ್ಕಿಂತ ತುಸು ಕೆಳಗೆ ಸ್ಥಳಾಂತರಿಸಿ. ದುಬಾರಿ, ನಿಜ.

ಆಗದಿದ್ದರೆ ಬಾಯಿಯ ಎದುರಿನ ನದಿತಳದಲ್ಲಿ ಗಿಡ್ಡ ಫಲಕಗಳನ್ನು ಸಾಲಾಗಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ ನಿಲ್ಲಿಸಿ. ಹರಿವಿಗೆ ಸುಮಾರು 20 ಡಿಗ್ರಿ ಓರೆ, ಎತ್ತರ ನೀರಿನ ಆಳದ ಮೂರನೇ ಒಂದು ಭಾಗ. ಫಲಕದ ಹಿಂದೆ ಏಳುವ ಸುರುಳಿ ತಳದ ಮರಳನ್ನು ನದಿಯ ನಡುವಿಗೆ ತಳ್ಳುತ್ತದೆ. ಓರೆ ತಿರುವುಮುರುವಾದರೆ ಮರಳನ್ನು ನೀವೇ ಒಳಗೆ ಕರೆದಂತೆ! ಕಾಲುವೆ ನದಿಯ ಹರಿವಿನ ದೊಡ್ಡ ಪಾಲನ್ನೇ ಸೆಳೆಯುತ್ತಿದ್ದರೆ ಫಲಕಗಳು ಸೋಲುತ್ತವೆ. ಆಗ ನದಿಗೆ ಅಡ್ಡಲಾಗಿ ಒಡ್ಡು, ಬಾಯಿಯ ಮುಂದಿನ ನೀರನ್ನು ಉಳಿದ ಹರಿವಿನಿಂದ ಬೇರ್ಪಡಿಸುವ ವಿಭಜಕ ಗೋಡೆ, ಮರಳು ತೊಳೆಯುವ ತೂಬು ಬೇಕು: ತೂಬು ಮುಚ್ಚಿಕೊಂಡು ನೀರು ಪಡೆಯಿರಿ, ಮರಳು ಕೂತ ಮೇಲೆ ಕಾಲುವೆ ಮುಚ್ಚಿ ತೂಬು ತೆರೆಯಿರಿ. ತೇಲಿ ಬರುವ ನುಣ್ಣನೆಯ ಹೂಳಿಗೆ ಇವಾವುವೂ ಮದ್ದಲ್ಲ. ಅದನ್ನು ಕಾಲುವೆಯ ಮೊದಲಲ್ಲೇ ಅಗಲವಾದ ತೊಟ್ಟಿಯಲ್ಲಿ ತಂಗಿಸಬೇಕು.