ಶಿಶುವಿಹಾರದ ಮಕ್ಕಳಿಗೆ ಊರಿನ ಊಟ, ಕೈತೋಟ: ಎಲ್ಲಿಂದ ಶುರು ಮಾಡಬೇಕು?

ಮೈಸೂರಿನ ನಿಮ್ಮ ಶಿಶುವಿಹಾರದಲ್ಲಿ ಮೂರರಿಂದ ಐದು ವರ್ಷದ 20 ಮಕ್ಕಳಿದ್ದಾರೆ, ಅರ್ಧ ದಿನ ಬಿಸಿಲು ಬೀಳುವ ಹತ್ತಡಿ ಅಂಗಳವಿದೆ, ಡಬ್ಬಿಗಳಲ್ಲಿ ಬಿಸ್ಕತ್ತು, ನೂಡಲ್ಸ್‌ಗಳೇ ಹೆಚ್ಚು, ಇವರಿಗೆ ನಮ್ಮ ಊರಿನ ಊಟವನ್ನೂ ಕೈತೋಟವನ್ನೂ ಪರಿಚಯಿಸುವುದು ಹೇಗೆ ಎಂದು ಕೇಳಿದ್ದೀರಿ. ತುಮಕೂರಿನ ಕಡೆಯ ಒಂದು ಶಿಶುವಿಹಾರದಲ್ಲಿ 14 ವರ್ಷ ಇದೇ ಕೆಲಸ ಮಾಡಿದವಳಾಗಿ ಉತ್ತರಿಸುತ್ತಿದ್ದೇನೆ.

ಗಿಡ ಆರಿಸುವಾಗ ದಿನಗಳ ಲೆಕ್ಕವನ್ನೇ ಮೊದಲು ನೋಡಿ. ನಾನು ಮೊದಲ ವರ್ಷ ಬದನೆ, ಟೊಮೆಟೊ ಹಾಕಿಸಿದೆ. ಒಟ್ಟಲು ಪಾತಿಯಲ್ಲಿ ಬೀಜ ಹಾಕಿ, ಸಸಿ ಕಿತ್ತು ನೆಟ್ಟು, ಕಾಯಿ ಕಾಣುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಆ ಬೀಜ ಹಾಕಿದ್ದು ತಾವೇ ಎಂಬುದು ಚಿಕ್ಕ ಮಕ್ಕಳಲ್ಲಿ ಯಾರಿಗೂ ನೆನಪಿರಲಿಲ್ಲ. ಮರುವರ್ಷ ಮೆಂತ್ಯಕ್ಕೆ ಬಂದೆ. ರಾತ್ರಿ ನೆನೆಸಿ ಬಿತ್ತಿದ ಮೆಂತ್ಯ ಮೂರು ನಾಲ್ಕು ದಿನಕ್ಕೆ ಮಣ್ಣನ್ನು ಎತ್ತಿಕೊಂಡು ಮೇಲೆ ಬರುತ್ತದೆ, 25ರಿಂದ 30 ದಿನಕ್ಕೆ ಸೊಪ್ಪಾಗುತ್ತದೆ. ದಂಟಿನ ಸೊಪ್ಪಿಗೂ ಹೆಚ್ಚುಕಡಿಮೆ ಅಷ್ಟೇ ದಿನ ಸಾಕು. ದೊಡ್ಡಪತ್ರೆ, ಬಸಳೆ, ಹೊನಗೊನೆಗಳ ಕಡ್ಡಿ ಮುರಿದು ನೆಟ್ಟರೆ ಚಿಗುರುವುದರಿಂದ ಮಕ್ಕಳ ಕೈಗೆ ಸೋಲು ಸಿಗುವುದು ಕಡಿಮೆ. ಕೊತ್ತಂಬರಿ ಬೀಜ ಒಡೆದು ಬಿತ್ತಿದರೂ ಮೊಳೆಯಲು ಹತ್ತು ದಿನ ಕಾಯಿಸುವುದುಂಟು. ಅದನ್ನು ಎರಡನೆಯ ಸರದಿಗೆ ಇಟ್ಟುಕೊಳ್ಳಿ.

ಬೇರು ಬಂದಿದೆಯೇ ಎಂದು ಮಕ್ಕಳು ಸಸಿ ಕಿತ್ತು ನೋಡಿಯೇ ನೋಡುತ್ತಾರೆ. ಅದಕ್ಕೆ ಗದರಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ಅವರು ಮಾಡುತ್ತಿರುವುದು ಹಾಳುಗೆಡಹುವ ಕೆಲಸವಲ್ಲ, ತಿಳಿಯುವ ಕೆಲಸ. ನಾವು ಒಂದು ಕುಂಡವನ್ನು ‘ಕೀಳುವ ಕುಂಡ’ ಎಂದು ಬೇರೆಯೇ ಇಟ್ಟೆವು. ಅದರಲ್ಲಿನ ಹೆಸರುಕಾಳಿನ ಸಸಿಯನ್ನು ಯಾರು ಯಾವಾಗ ಬೇಕಾದರೂ ಕಿತ್ತು ನೋಡಬಹುದಾಗಿತ್ತು. ಉಳಿದ ಕುಂಡಗಳು ಬಹುಮಟ್ಟಿಗೆ ಉಳಿದುಕೊಂಡವು.

ಜಾಗ್ರತೆಯ ಮಾತುಗಳನ್ನೂ ಇಲ್ಲಿಯೇ ಹೇಳುತ್ತೇನೆ. ಬಿತ್ತನೆಬೀಜದ ಪೊಟ್ಟಣಗಳಲ್ಲಿ ಗುಲಾಬಿ ಬಣ್ಣ ಹಚ್ಚಿದ ಬೀಜವಿದ್ದರೆ ಅದಕ್ಕೆ ಔಷಧಿ ಲೇಪಿಸಿರುತ್ತಾರೆ; ಅದು ಮಕ್ಕಳ ಕೈಗೆ ಹೋಗಬಾರದು, ದಿನಸಿ ಅಂಗಡಿಯ ಮೆಂತ್ಯ, ಹೆಸರುಕಾಳುಗಳೇ ಸಾಕು. ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುವ ವಯಸ್ಸಿದು, ಆದ್ದರಿಂದ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಿ. ಅಂಗಳದಲ್ಲಿ ಕಣಗಿಲೆ, ಹರಳು, ದತ್ತೂರಿಯಂಥ ವಿಷದ ಗಿಡಗಳಿದ್ದರೆ ತೆಗೆಸಿಬಿಡಿ. ನೀರು ತುಂಬಿದ ಬಕೆಟ್ಟನ್ನು ತೆರೆದಿಡಬೇಡಿ, ಮಣ್ಣು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಇನ್ನು ಊಟದ ವಿಚಾರ. ನನ್ನ ಅನುಭವದಲ್ಲಿ ಮಗುವಿಗೂ ಸೊಪ್ಪಿನ ಸಾರಿಗೂ ಸ್ನೇಹವಾಗುವುದು ತಟ್ಟೆಯ ಮುಂದೆ ಅಲ್ಲ, ಸೊಪ್ಪು ಬಿಡಿಸುವ ಮೊರದ ಮುಂದೆ. ಹಿಂದೆ ಅಜ್ಜಿಯ ಪಕ್ಕದಲ್ಲಿ ಕೂತು ಮಕ್ಕಳು ಮಾಡುತ್ತಿದ್ದ ಕೆಲಸಗಳನ್ನೇ ಶಾಲೆಗೆ ತನ್ನಿ: ಸೊಪ್ಪು ಬಿಡಿಸುವುದು, ಕರಿಬೇವಿನ ಎಲೆ ಕೀಳುವುದು, ಬಟಾಣಿ ಸುಲಿಯುವುದು. ಇವುಗಳಲ್ಲೆಲ್ಲ ಅವರೆಕಾಯಿಗೆ ಸಮನಾದದ್ದು ಇಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಸೊಗಡಿನ ಅವರೆ ಬಂದಾಗ ಎರಡು ಕಿಲೋ ತಂದು ನಡುವೆ ಸುರಿದರೆ ಕೋಣೆಯಿಡೀ ಆ ವಾಸನೆ ತುಂಬುತ್ತದೆ, ಬೆರಳುಗಳಿಗೆ ಸೊಗಡು ಅಂಟುತ್ತದೆ. ಸುಲಿದ ಕಾಳನ್ನು ನೆನೆಸಿಟ್ಟು ಮರುದಿನ ಹಿತುಕಲು ಕೊಡಿ. ಬೆರಳಲ್ಲಿ ಒತ್ತಿದೊಡನೆ ಬೇಳೆ ಸಿಪ್ಪೆಯಿಂದ ಪುಳಕ್ಕನೆ ಜಾರುವುದನ್ನು ಮಕ್ಕಳು ಅರ್ಧ ಗಂಟೆಯಾದರೂ ಬಿಡುವುದಿಲ್ಲ. ಆ ಬೇಳೆಯನ್ನು ಮೆತ್ತಗೆ ಬೇಯಿಸಿ ಸಾರು ಮಾಡಿ ಬಡಿಸಿದಾಗ, ಮನೆಯಲ್ಲಿ ಅವರೆಕಾಳನ್ನು ತಟ್ಟೆಯಂಚಿಗೆ ತಳ್ಳುವ ಮಗುವೂ ‘ಇದು ನಾನು ಹಿತುಕಿದ್ದು’ ಎಂದು ಹುಡುಕಿ ತಿನ್ನುವುದನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ.

ರಾಗಿಯನ್ನು ಜೂನ್ ಕೊನೆಗೆ ಒಂದು ಅಗಲವಾದ ಕುಂಡದಲ್ಲಿ ಬಿತ್ತಿ. ಸುಮಾರು ನಾಲ್ಕು ತಿಂಗಳ ಬೆಳೆಯಾದ್ದರಿಂದ ಇದಕ್ಕೆ ಮಕ್ಕಳು ಕಾಯಲಾರರು, ಆದರೆ ತೆನೆ ಬಂದ ದಿನ ಅದು ಮಡಿಸಿದ ಬೆರಳುಗಳಂತೆ ಕಾಣುವುದನ್ನು ತೋರಿಸಲು ಅದು ಅಲ್ಲಿರಬೇಕು. ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಒಂದು ಹಿಡಿ ಕಾಳು ಸಿಕ್ಕೀತು. ಅದನ್ನು ಅಂಗಡಿಯ ರಾಗಿಯೊಂದಿಗೆ ಬೆರೆಸಿ ಬೀಸಿ ಅಂಬಲಿ ಕಾಯಿಸಿ. ಹುರಿಹಿಟ್ಟಿಗೆ ಬೆಲ್ಲ, ತುಪ್ಪ ಸೇರಿಸಿ ಕೊಟ್ಟರೆ ಉಂಡೆ ಕಟ್ಟುವ ಕೆಲಸವನ್ನು ಮಕ್ಕಳೇ ಮಾಡುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂಬ ಮಾತನ್ನು ತಂದೆತಾಯಿಯರ ಸಭೆಗೆ ಇಟ್ಟುಕೊಳ್ಳಿ, ಮಗುವಿಗೆ ಅದರ ಅಗತ್ಯವಿಲ್ಲ.

ಮೊಳಕೆಕಾಳನ್ನು ಹಸಿಯಾಗಿ ಕೊಡದೆ ಹಬೆಯಲ್ಲಿ ಬೇಯಿಸಿ, ಇಡಿಯಾದ ಕಡಲೆಕಾಯಿ ಬೀಜವನ್ನು ಈ ವಯಸ್ಸಿನವರಿಗೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಯಾವುದನ್ನೂ ಒತ್ತಾಯಿಸಬೇಡಿ. ದೊಡ್ಡಪತ್ರೆ ತಂಬುಳಿಯನ್ನು ಮೊದಲ ಸಲ ಉಗಿದ ಮಗು ಎಂಟನೆಯ ಸಲಕ್ಕೋ ಹತ್ತನೆಯ ಸಲಕ್ಕೋ ನೆಕ್ಕಿ ನೋಡುತ್ತದೆ. ಅಲ್ಲಿಯವರೆಗೆ ಒಂದು ಚಮಚ ತಟ್ಟೆಯಲ್ಲಿದ್ದರೆ ಸಾಕು. ಡಬ್ಬಿಯಲ್ಲಿ ಬಿಸ್ಕತ್ತು ತಂದ ಮಗುವಿನೆದುರು ಬಿಸ್ಕತ್ತನ್ನು ಹಳಿಯಬೇಡಿ, ಅದನ್ನು ಕಟ್ಟಿಕೊಟ್ಟದ್ದು ಅದರ ಅಮ್ಮ. ಇನ್ನೊಂದು ಮಾತು, ಊರಿನ ಊಟವೆಂದರೆ ಮುದ್ದೆ, ಬಸ್ಸಾರು ಮಾತ್ರ ಎಂದುಕೊಳ್ಳಬೇಡಿ. ನಿಮ್ಮ 20 ಮನೆಗಳಲ್ಲಿ ಜೋಳದ ರೊಟ್ಟಿಯ ಮನೆ, ಕುಚ್ಚಲಕ್ಕಿ ಗಂಜಿಯ ಮನೆ ಇದ್ದೀತು. ಆ ಅಜ್ಜಿಯರನ್ನು ತಿಂಗಳಿಗೊಬ್ಬರಂತೆ ಕರೆದು ರೊಟ್ಟಿ ತಟ್ಟಿಸಿ, ಮಕ್ಕಳಿಗೂ ಒಂದೊಂದು ಉಂಡೆ ಹಿಟ್ಟು ಕೊಡಿ.

ಶುರು ಮಾಡಲು ಈ ವಾರ ಕಾಲು ಕಿಲೋ ಮೆಂತ್ಯ, ತಳದಲ್ಲಿ ತೂತಿರುವ ನಾಲ್ಕು ಅಗಲವಾದ ಕುಂಡ, ಕೆಂಪುಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಇದ್ದರೆ ಸಾಕು. ಭಾನುವಾರ ರಾತ್ರಿ ನೆನೆಸಿ ಸೋಮವಾರವೇ ಬಿತ್ತಿಸಿ. ಬುಧವಾರ ಬಿತ್ತಿದರೆ ಮೊಳಕೆ ಏಳುವುದು ರಜೆಯ ದಿನವಾಗಿ, ಆ ಘಳಿಗೆ ಮಕ್ಕಳಿಗೆ ತಪ್ಪಿಹೋಗುತ್ತದೆ.